ನಾರ್ಮಲ್ ಅಂತ ಹೇಳಿದವನು ನಾನೇ: ನಮ್ಮ ಮಾವನ ಶ್ವಾಸಕೋಶದ ಕೇಸು

2021ರ ಡಿಸೆಂಬರ್‌ನಲ್ಲಿ ನಮ್ಮ ಸೋದರಮಾವ ನನ್ನ ಮುಂದೆ ಕೂತು ಮೂರು ಸಲ ಊದಿದರು. ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಪಿಎಫ್‌ಟಿ, ಅಂದ್ರೆ ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತೆ ಅಂತ ಅಳೆಯುವ ಟೆಸ್ಟಿನ ಟೆಕ್ನಿಷಿಯನ್. ದಿನವಿಡೀ ಜನರ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, "ಊದಿ ಊದಿ ಊದಿ, ಇನ್ನೂ ಇನ್ನೂ ಇನ್ನೂ" ಅಂತ ಕೂಗುವುದೇ ನನ್ನ ಕೆಲಸ. ಮಾವ ಚೆನ್ನಾಗಿಯೇ ಊದಿದರು. ಎಫ್‌ವಿಸಿ (ಒಂದು ಉಸಿರಿಗೆ ಊದಿದ ಒಟ್ಟು ಗಾಳಿ) 92, ಎಫ್‌ಇವಿ1 (ಅದರಲ್ಲಿ ಮೊದಲ ಸೆಕೆಂಡಿಗೆ ಹೊರಬಂದದ್ದು) 88. ಅವರ ವಯಸ್ಸಿಗೆ, ಎತ್ತರಕ್ಕೆ ಎಷ್ಟು ಇರಬೇಕೋ ಅದರ ಶೇಕಡಾ ಲೆಕ್ಕ ಇದು. 80 ದಾಟಿದರೆ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಲೀಟರ್ ಲೆಕ್ಕದಲ್ಲಿ ಎರಡರ ಅನುಪಾತವೂ 0.75 ಇತ್ತು, ಅದೂ ಸರಿಯೇ. "ಗಾಳಿ ಚೆನ್ನಾಗಿದೆ ಮಾವ, ಸುಮ್ನೆ ಹೆದರಬ್ಯಾಡ್ರಿ" ಅಂದೆ. ಅವತ್ತು ಸಂಜೆ ಇಬ್ಬರೂ ಹೋಗಿ ಬೆಣ್ಣೆ ದೋಸೆ ತಿಂದೆವು.

ಆ ರಿಪೋರ್ಟ್ ಸುಳ್ಳಾಗಿರಲಿಲ್ಲ. ಯಂತ್ರ ಸರಿಯಿತ್ತು, ಬೆಳಿಗ್ಗೆಯೇ ಕ್ಯಾಲಿಬ್ರೇಷನ್ ಮಾಡಿದ್ದೆ. ಆದ್ರೆ ಅದೇ ಹೊತ್ತಿಗೆ ಮಾವನ ಎದೆಯೊಳಗೆ ಎರಡು ಕಾಯಿಲೆ ಗಟ್ಟಿಯಾಗಿ ಕೂತಿದ್ದವು, ಮೂರನೆಯದು ಮೊಳಕೆ ಒಡೆದಿತ್ತು. ಈ ಮೂರೂ ಸೇರಿ ನಮ್ಮನ್ನು ಹೇಗೆ ಯಾಮಾರಿಸಿದವು, ಆಮೇಲೆ ನಾವು ಏನು ಮಾಡಿದೆವು, ಏನನ್ನು ಬೇಕಂತಲೇ ಮಾಡದೆ ಬಿಟ್ಟೆವು ಅನ್ನೋದನ್ನ ಪೂರ್ತಿ ಬರೆಯುತ್ತಿದ್ದೇನೆ. ಮಾವ, ಅತ್ತೆ ಇಬ್ಬರನ್ನೂ ಕೇಳಿದ್ದೇನೆ. "ಬರಿ, ಹೆಸರು ಹಾಕಬ್ಯಾಡ" ಅಂದಿದ್ದಾರೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್‌ಗಳ ಪಕ್ಕ ಕೂತು ಕೇಳಿ ಕೇಳಿ ಕಲಿತವನು, ಅಷ್ಟೇ.

ಮೊದಲು ಮಾವನ ಬಗ್ಗೆ. ದಾವಣಗೆರೆ ಅಂದ್ರೆ ಹೊರಗಿನವರಿಗೆ ದೋಸೆ, ನಮಗೆ ಮಂಡಕ್ಕಿ. ಮಾವ ಹದಿನೇಳನೇ ವಯಸ್ಸಿಗೆ ಮಂಡಕ್ಕಿ ಭಟ್ಟಿ ಸೇರಿದವರು. ಕಾದ ಮರಳಲ್ಲಿ ಅಕ್ಕಿ ಹುರಿಯುವ ಕೆಲಸ. ಒಲೆಗೆ ಹೊಟ್ಟು, ಸೌದೆ, ಎಷ್ಟೋ ಸಲ ಹಳೇ ಟೈರು. ಬೆಳಗಿನ ಜಾವಕ್ಕೆ ಶುರುವಾದರೆ ಮಧ್ಯಾಹ್ನದವರೆಗೆ ಹೊಗೆಯಲ್ಲೇ ಇರುವುದು. ಜೊತೆಗೆ ದಿನಕ್ಕೆ ಒಂದು ಕಟ್ಟು ಬೀಡಿ. ಬೀಡಿಯಲ್ಲಿ ಸಿಗರೇಟಿಗಿಂತ ಹೊಗೆಸೊಪ್ಪು ಕಡಿಮೆ, ಹಾಗಾಗಿ ತೊಂದರೆಯೂ ಕಡಿಮೆ ಅಂತ ಅವರ ವಾದ. ಆದ್ರೆ ಎಲೆ ಸುತ್ತಿದ ಬೀಡಿ ಬೇಗ ಆರುತ್ತೆ, ಆರಬಾರದು ಅಂದ್ರೆ ಮತ್ತೆ ಮತ್ತೆ ಜೋರಾಗಿ ಎಳೀಬೇಕು. ಟಾರು, ಕಾರ್ಬನ್ ಮೊನಾಕ್ಸೈಡ್ ಎರಡೂ ಜಾಸ್ತಿನೇ ಒಳಗೆ ಹೋಗುತ್ತೆ. ನಲವತ್ತೈದು ವರ್ಷ ಹೀಗೆ ನಡೆದಿದೆ.

2021ರ ಮೇ ತಿಂಗಳಲ್ಲಿ ಅವರಿಗೆ ಕೋವಿಡ್ ಬಂತು, ಆಗ ವಯಸ್ಸು 62. ಆಸ್ಪತ್ರೆ ಸೇರಲಿಲ್ಲ, ಆದ್ರೆ ಎಲ್ಲರ ಹಾಗೆ ಒಂದು ಸಿಟಿ ಸ್ಕ್ಯಾನ್ ಆಯ್ತು. ಶ್ವಾಸಕೋಶದ ತಳಭಾಗದಲ್ಲಿ ಗಾಯದ ಗುರುತುಗಳಿವೆ, ಕೋವಿಡ್‌ನಿಂದ ಆಗಿರಬಹುದು ಅಂತ ರಿಪೋರ್ಟ್ ಬಂತು. ಆ ದಿನಗಳಲ್ಲಿ ಎಲ್ಲಕ್ಕೂ ಕೋವಿಡ್ಡೇ ಉತ್ತರ. ಯಾರೂ ಎರಡನೇ ಸಲ ನೋಡಲಿಲ್ಲ. ಆರು ತಿಂಗಳಾದರೂ ಮೆಟ್ಟಿಲು ಹತ್ತಿದರೆ ಏದುಸಿರು ನಿಲ್ಲದೆ ಇದ್ದಾಗ ನಾನೇ ಕರೆದುಕೊಂಡು ಬಂದು ಊದಿಸಿದ್ದು. ನಾರ್ಮಲ್ ಬಂತು. ಡಾಕ್ಟರ್ ಒಂದು ಇನ್‌ಹೇಲರ್ ಬರೆದುಕೊಟ್ಟರು, ಮಾವ ಅದನ್ನು ಶೆಲ್ಫಿನ ಮೇಲೆ ದೇವರ ಫೋಟೋ ಪಕ್ಕ ಇಟ್ಟರು.

ಈ ನಾರ್ಮಲ್ ಹೇಗೆ ಬಂತು ಅನ್ನೋದೇ ಈ ಕೇಸಿನ ಗಂಟು. ಮಾವನ ಶ್ವಾಸಕೋಶದ ಮೇಲ್ಭಾಗದಲ್ಲಿ ಎಂಫಿಸೀಮಾ ಇತ್ತು. ಗಾಳಿಗೂಡುಗಳ ನಡುವಿನ ಗೋಡೆಗಳು ಹರಿದು ದೊಡ್ಡ ದೊಡ್ಡ ತೂತಾಗಿ, ಇಡೀ ಭಾಗ ಜೋತುಬಿದ್ದ ಚೀಲದ ಹಾಗೆ ಆಗಿತ್ತು. ಇಂಥ ಶ್ವಾಸಕೋಶ ಹಿಗ್ಗುತ್ತೆ, ಗಾಳಿ ಹಿಡಿಯುತ್ತೆ, ಆದ್ರೆ ಬೇಗ ಹೊರಗೆ ಬಿಡೋದಿಲ್ಲ. ತಳಭಾಗದಲ್ಲಿ ಫೈಬ್ರೋಸಿಸ್ ಇತ್ತು. ಒಣಗಿದ ಹೀರೆಕಾಯಿ ನೋಡಿದ್ದೀರಲ್ಲ, ಮೈ ಉಜ್ಜೋಕೆ ಇಟ್ಟುಕೊಳ್ಳೋದು? ಹಾಗೆ, ನಾರು ನಾರು, ಗಟ್ಟಿ. ಇದು ಕುಗ್ಗುತ್ತೆ. ಗಾಳಿ ಕಡಿಮೆ ಹಿಡಿಯುತ್ತೆ, ಹಿಡಿದಷ್ಟನ್ನ ಸರ್ರಂತ ಹೊರಗೆ ತಳ್ಳುತ್ತೆ, ಯಾಕಂದ್ರೆ ಆ ನಾರುಗಳು ಸುತ್ತಲಿಂದ ಜಗ್ಗಿ ಗಾಳಿಕೊಳವೆಗಳನ್ನ ತೆರೆದೇ ಇಟ್ಟಿರುತ್ತವೆ. ಒಂದು ಹಿಗ್ಗಿಸುತ್ತೆ, ಒಂದು ಕುಗ್ಗಿಸುತ್ತೆ. ಒಂದು ನಿಧಾನ ಮಾಡುತ್ತೆ, ಒಂದು ಜೋರು ಮಾಡುತ್ತೆ. ನನ್ನ ಊದಿಸುವ ಯಂತ್ರ ಸ್ಪೈರೋಮೀಟರ್ ನೋಡೋದು ಎಷ್ಟು ಗಾಳಿ, ಎಷ್ಟು ಬೇಗ ಅನ್ನೋ ಎರಡನ್ನ ಮಾತ್ರ. ಎರಡೂ ಸರಿಹೋಗಿ ಕಾಣಿಸಿದವು. ತಕ್ಕಡಿ ಸಮ ನಿಂತಿತ್ತು, ಎರಡೂ ತಟ್ಟೆಯಲ್ಲಿ ಕಲ್ಲಿತ್ತು.

ಇದಕ್ಕೆ ಸಿಪಿಎಫ್‌ಇ ಅಂತ ಹೆಸರು. ಫೈಬ್ರೋಸಿಸ್ಸು, ಎಂಫಿಸೀಮಾ ಎರಡೂ ಒಟ್ಟಿಗೆ ಇರೋದು ಅಂತ ಅರ್ಥ. 1990ರಲ್ಲೇ ಇಂಗ್ಲೆಂಡಿನ ಡಾಕ್ಟರ್‌ಗಳು ಬರೆದಿದ್ದರು. ಆದ್ರೆ ಎಲ್ಲರ ಕಣ್ಣಿಗೆ ಬಿದ್ದದ್ದು 2005ರಲ್ಲಿ ಫ್ರಾನ್ಸಿನ ವಿನ್ಸೆಂಟ್ ಕೊಟಾಂ ಮತ್ತು ಅವರ ಜೊತೆಯವರು 61 ರೋಗಿಗಳ ಲೆಕ್ಕ ಕೊಟ್ಟಾಗ. ಆ 61ರಲ್ಲಿ 60 ಗಂಡಸರು, ಎಲ್ಲರೂ ಹೊಗೆ ಸೇದಿದವರು. ಅವರ ಎಫ್‌ವಿಸಿ ಸರಾಸರಿ 88. ನೋಡಿದ್ರೆ ಪರವಾಗಿಲ್ಲ ಅನಿಸುತ್ತೆ ಅಲ್ವಾ? ಆದ್ರೆ ಡಿಎಲ್‌ಸಿಒ ಸರಾಸರಿ 37 ಇತ್ತು.

ಡಿಎಲ್‌ಸಿಒ ಅಂದ್ರೆ ಗಾಳಿಯಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತೆ ಅಂತ ಅಳೆಯೋ ಟೆಸ್ಟು. ತೀರಾ ಸ್ವಲ್ಪ, ಶೇ. 0.3ರಷ್ಟು ಕಾರ್ಬನ್ ಮೊನಾಕ್ಸೈಡ್ ಬೆರೆಸಿದ ಗಾಳಿಯನ್ನು ಒಂದೇ ಉಸಿರಿಗೆ ಪೂರ್ತಿ ಎಳೆದುಕೊಂಡು, 10 ಸೆಕೆಂಡ್ ಹಿಡಿದು, ಬಿಡಬೇಕು. ಒಳಗೆ ಹೋದದ್ದೆಷ್ಟು, ವಾಪಸ್ ಬಂದದ್ದೆಷ್ಟು ಅಂತ ಯಂತ್ರ ಲೆಕ್ಕ ಹಾಕುತ್ತೆ. ಎಂಫಿಸೀಮಾದಲ್ಲಿ ಗೋಡೆಯೇ ಇಲ್ಲ, ದಾಟೋಕೆ ಜಾಗವಿಲ್ಲ. ಫೈಬ್ರೋಸಿಸ್‌ನಲ್ಲಿ ಗೋಡೆ ದಪ್ಪ, ದಾಟೋಕೆ ಆಗಲ್ಲ. ಇಲ್ಲಿ ಎರಡು ಕಾಯಿಲೆ ಒಂದನ್ನೊಂದು ಮುಚ್ಚೋದಿಲ್ಲ, ಕೂಡುತ್ತವೆ. 2021ರಲ್ಲಿ ಈ ಯಂತ್ರ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ಬಹಳ ಊರುಗಳಲ್ಲಿ ಈಗಲೂ ಇಲ್ಲ. ಇರಲಿಲ್ಲ ಅನ್ನೋದು ಸರಿ, ಆದ್ರೆ ಕೈಗೊಂದು ಆಕ್ಸಿಮೀಟರ್ ಹಾಕಿ ಕಾರಿಡಾರಿನಲ್ಲಿ ಆರು ನಿಮಿಷ ನಡೆಸೋಕೆ ಯಾವ ಯಂತ್ರವೂ ಬೇಕಿರಲಿಲ್ಲ. ಡಾಕ್ಟರ್ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಇದು ನನಗೆ ಈಗಲೂ ಚುಚ್ಚುತ್ತೆ.

ಎರಡು ವರ್ಷ ಹೀಗೇ ಹೋಯ್ತು. 2023ರ ಕೊನೆಗೆ ಮಾವನ ಶರ್ಟು ದೊಗಳೆಯಾಯ್ತು. ನಾಲ್ಕು ಕೆಜಿ ಇಳಿದಿದ್ದರು. ಒಣ ಕೆಮ್ಮು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆದು, ಟಿಬಿ ಇರಬಹುದು ಅಂದರು. ಕಫದಲ್ಲಿ ಟಿಬಿ ಹುಡುಕುವ ಸಿಬಿನಾಟ್ ಟೆಸ್ಟ್ ನೆಗೆಟಿವ್ ಬಂತು. ಆದರೂ ಟಿಬಿ ಮಾತ್ರೆ ಶುರುವಾಯ್ತು. ಮೂತ್ರ ಕೇಸರಿ ಬಣ್ಣ ಬಂದರೆ ಔಷಧಿ ಕೆಲಸ ಮಾಡ್ತಿದೆ ಅಂತ ಯಾರೋ ಹೇಳಿದ್ದರಂತೆ, ಮಾವ ದಿನಾ ಬೆಳಿಗ್ಗೆ ಅದನ್ನೇ ನೋಡಿ ಸಮಾಧಾನ ಪಟ್ಟುಕೊಳ್ಳುತ್ತಿದ್ದರು. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ಟಿಬಿ ಇರಲಿ ಬಿಡಲಿ ಯಾರು ನುಂಗಿದರೂ ಹಾಗೇ ಬರುತ್ತೆ. ನಮ್ಮ ಕಡೆ ಶ್ವಾಸಕೋಶದ ಕ್ಯಾನ್ಸರ್ ಇರುವ ಎಷ್ಟು ಜನ ಈ ಮಾತ್ರೆಯಲ್ಲೇ ತಿಂಗಳುಗಟ್ಟಲೆ ಕಳೆದು ಬರ್ತಾರೆ ಅಂದ್ರೆ, ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಹೊಸ ಕ್ಯಾನ್ಸರ್ ಪೇಷೆಂಟ್ ಬಂದ್ರೆ ಮೊದಲ ಪ್ರಶ್ನೆಯೇ "ಟಿಬಿ ಔಷಧಿ ತಗೊಂಡಿದ್ರಾ?" ಅಂತ. ಮಾವನದು ಎರಡು ತಿಂಗಳು.

2024ರ ಫೆಬ್ರವರಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನಾನು ಅವರ ಎದುರಿಗೆ ಕೂತಿದ್ದೆ. ಮಾವ ಹೋಳಿಗೆ ಮುರಿಯುತ್ತಿದ್ದರು. ಬೆರಳ ತುದಿಗಳು ಕಪ್ಪೆಯ ಬೆರಳಿನ ಹಾಗೆ ದುಂಡಗೆ ಉಬ್ಬಿದ್ದವು, ಉಗುರು ಬೆನ್ನು ಬಾಗಿ ಹೊಳೆಯುತ್ತಿತ್ತು. ಕೈ ತೊಳೆದ ಮೇಲೆ ಎರಡೂ ಕೈಯ ತೋರುಬೆರಳಿನ ಉಗುರುಗಳನ್ನು ಒಂದಕ್ಕೊಂದು ಬೆನ್ನು ಹಚ್ಚಿ ಹಿಡೀರಿ ಅಂದೆ. ನೀವೂ ಈಗಲೇ ಹಿಡಿದು ನೋಡಬಹುದು, ಉಗುರಿನ ಬುಡದ ಹತ್ತಿರ ಎರಡರ ನಡುವೆ ಸಣ್ಣ ವಜ್ರದಾಕಾರದ ಕಿಂಡಿ ಕಾಣಬೇಕು. ಅದಕ್ಕೆ ಶಾಮ್‌ರೋತ್ ಕಿಂಡಿ ಅಂತಾರೆ, ದಕ್ಷಿಣ ಆಫ್ರಿಕಾದ ಹೃದಯದ ಡಾಕ್ಟರೊಬ್ಬರು ತಮ್ಮದೇ ಕಾಯಿಲೆಯಲ್ಲಿ ತಮ್ಮದೇ ಬೆರಳು ನೋಡಿಕೊಂಡು ಕಂಡುಕೊಂಡದ್ದು. ಮಾವನ ಉಗುರುಗಳ ನಡುವೆ ಬೆಳಕು ಬರಲಿಲ್ಲ.

ಬೀಡಿಯಿಂದ ಬರುವ ಬರೀ ಸಿಒಪಿಡಿಯಲ್ಲಿ, ಅಂದ್ರೆ ಗಾಳಿಕೊಳವೆ ಕಟ್ಟಿ ಬರುವ ದಮ್ಮಿನಲ್ಲಿ, ಬೆರಳು ಹೀಗಾಗೋದಿಲ್ಲ. ದಮ್ಮಿನ ಪೇಷೆಂಟಿಗೆ ಬೆರಳು ಉಬ್ಬಿದೆ ಅಂದ್ರೆ ಬೇರೆ ಏನೋ ಇದೆ ಅಂತ ಹುಡುಕಬೇಕು. ಫೈಬ್ರೋಸಿಸ್ ಇರಬಹುದು, ಕ್ಯಾನ್ಸರ್ ಇರಬಹುದು. ಮದುವೆ ಮನೆಯಿಂದ ವಾಪಸ್ ಬಂದು ನಮ್ಮ ಮನೆಯ 22 ಮೆಟ್ಟಿಲು ಹತ್ತಿಸಿದೆ, ಕೈಯಲ್ಲಿ ಕೋವಿಡ್ ಕಾಲದ ಆಕ್ಸಿಮೀಟರ್. ಕೆಳಗೆ 95 ಇದ್ದದ್ದು ಮೇಲೆ ಬರುವಷ್ಟರಲ್ಲಿ 84.

ಮುಂದಿನದು ಬೇಗ ಬೇಗ ಆಯ್ತು. ನಮ್ಮ ಚೆಸ್ಟ್ ಡಾಕ್ಟರ್ ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟವರು ನನ್ನನ್ನೂ ಕರೆದು ಕೇಳಿಸಿದರು. ಚಪ್ಪಲಿಯ ವೆಲ್ಕ್ರೋ ಪಟ್ಟಿ ನಿಧಾನಕ್ಕೆ ಕಿತ್ತರೆ ಬರುವ ಸದ್ದು, ಪ್ರತಿ ಸಲ ಉಸಿರು ಒಳಗೆ ಎಳೆದ ಕೊನೆಗೆ. ಟಿಬಿ ಮಾತ್ರೆ ನಿಲ್ಲಿಸಿದರು. ಎಚ್‌ಆರ್‌ಸಿಟಿ, ಅಂದ್ರೆ ಶ್ವಾಸಕೋಶವನ್ನ ಇನ್ನೂ ಸೂಕ್ಷ್ಮವಾಗಿ ತೋರಿಸುವ ಸಿಟಿ ಆಯ್ತು. ಮೇಲೆ ಎಂಫಿಸೀಮಾದ ಕಪ್ಪು ತೂತುಗಳು, ತಳದಲ್ಲಿ ಫೈಬ್ರೋಸಿಸ್‌ನ ಜೇನುಗೂಡು. ಬಲಗಡೆ ಕೆಳ ಹಾಲೆಯಲ್ಲಿ, ಬೆನ್ನಿನ ಕಡೆ, ಜೇನುಗೂಡಿನ ಅಂಚಿಗೇ ಅಂಟಿಕೊಂಡ ಹಾಗೆ 18 ಮಿಲಿಮೀಟರಿನ ಒಂದು ಗಂಟು, ಸುತ್ತಲೂ ಮುಳ್ಳು ಮುಳ್ಳು.

ರೇಡಿಯಾಲಜಿಸ್ಟ್ ಹಳೇ ಸಿಟಿ ಇದ್ದರೆ ತನ್ನಿ ಅಂದರು. ಅತ್ತೆ ಮಂಚದ ಕೆಳಗಿನ ಟ್ರಂಕಿನಿಂದ 2021ರ ಸಿಡಿ ಹುಡುಕಿ ಕೊಟ್ಟರು. ಅದೇ ಜಾಗದಲ್ಲಿ ಆಗಲೇ 5 ಮಿಲಿಮೀಟರಿನ ಒಂದು ಚುಕ್ಕಿ ಇತ್ತು. ಸುತ್ತ ಇಷ್ಟೊಂದು ಗಾಯದ ಗೆರೆಗಳಿರುವಾಗ ಅದೂ ಒಂದು ಗೆರೆಯ ಗಂಟು ಅಂತ ಯಾರಿಗಾದರೂ ಅನಿಸುತ್ತೆ, ನಾನು ಯಾರನ್ನೂ ದೂರಲ್ಲ. 5ರಿಂದ 18 ಅಂದ್ರೆ ಮೂರೂವರೆ ಪಟ್ಟು ಅಂತ ಅನಿಸಬಹುದು. ಅದು ಅಗಲದ ಲೆಕ್ಕ. ಗಾತ್ರದ ಲೆಕ್ಕ ಹಾಕಿದರೆ 33 ತಿಂಗಳಲ್ಲಿ ಹೆಚ್ಚುಕಡಿಮೆ 47 ಪಟ್ಟು. ಹೊಗೆ ಸೇದುವವರ ಮಾಮೂಲಿ ಕ್ಯಾನ್ಸರ್ ಜಾಸ್ತಿ ಮೇಲಿನ ಹಾಲೆಗಳಲ್ಲಿ ಬರುತ್ತೆ. ಫೈಬ್ರೋಸಿಸ್ ಇದ್ದವರಲ್ಲಿ ಹೀಗೆ ತಳದಲ್ಲಿ, ಅಂಚಿನಲ್ಲಿ, ಗಾಯ ಇರುವ ಕಡೆಯೇ ಬರೋದು ಹೆಚ್ಚು. ಗಾಯ ಮಾಯೋಕೆ ಹೋಗಿ ಮಾಯದೆ, ಮತ್ತೆ ಗಾಯವಾಗಿ, ಮತ್ತೆ ಜೀವಕೋಶ ಹುಟ್ಟಿ, ಹೀಗೆ ವರ್ಷಾನುಗಟ್ಟಲೆ ನಡೆಯುವ ಕಡೆ ಯಾವುದೋ ಒಂದು ಕೋಶ ದಾರಿ ತಪ್ಪುತ್ತೆ. ಮೇಲೆ ಬೀಡಿ ಹೊಗೆ ಬೇರೆ.

ಫೈಬ್ರೋಸಿಸ್ ಯಾಕೆ ಬಂತು ಅಂತ ಡಾಕ್ಟರ್ ಒಂದು ಗಂಟೆ ವಿಚಾರಿಸಿದರು. 2017ರಲ್ಲಿ ಬಂದ ಭಾರತದ ಐಎಲ್‌ಡಿ (ಫೈಬ್ರೋಸಿಸ್‌ನಂಥ ಶ್ವಾಸಕೋಶದ ಕಾಯಿಲೆಗಳ ಗುಂಪು) ರಿಜಿಸ್ಟ್ರಿಯಲ್ಲಿ 1084 ರೋಗಿಗಳಿದ್ದರು, ಅದರಲ್ಲಿ ಶೇ. 47 ಜನರದ್ದು ಧೂಳು, ಬೂಷ್ಟು, ಹಕ್ಕಿ ಪುಕ್ಕದ ಅಲರ್ಜಿಯಿಂದ ಬಂದ ಕಾಯಿಲೆ, ಅವರಲ್ಲಿ ಸುಮಾರು ಅರ್ಧ ಜನರ ಮನೆಯಲ್ಲಿ ಏರ್ ಕೂಲರ್ ಇತ್ತು. ಹಾಗಾಗಿ ಕೂಲರ್ ಇದೆಯಾ, ಪಾರಿವಾಳ ಇವೆಯಾ ಅಂತ ಕೇಳಲೇಬೇಕು. "ಪಾರಿವಾಳ ಸಾಕಾಕೆ ನಾನೇನ್ ನವಾಬನೇನ್ರೀ" ಅಂದರು ಮಾವ. ಸಿಟಿಯ ಚಿತ್ರ, ವಯಸ್ಸು, ಬೀಡಿ ಎಲ್ಲ ನೋಡಿ ಐಪಿಎಫ್, ಅಂದ್ರೆ ಇಂಥದ್ದೇ ಕಾರಣ ಅಂತ ಗೊತ್ತಾಗದ ಫೈಬ್ರೋಸಿಸ್, ಅಂತಲೇ ತೀರ್ಮಾನವಾಯ್ತು.

ಬೆಂಗಳೂರಿಗೆ ಹೋದೆವು. ಡಿಎಲ್‌ಸಿಒ 34 ಬಂತು. ಅದೇ ದಿನ ಎಫ್‌ವಿಸಿ 84, ಅಂದ್ರೆ ಅವತ್ತೂ ನನ್ನಂಥವನೊಬ್ಬ ಬರೀ ಊದಿಸಿ ಕಳಿಸಿದ್ದರೆ ಮತ್ತೆ ನಾರ್ಮಲ್ಲೇ. ಆರು ನಿಮಿಷದ ನಡಿಗೆಯಲ್ಲಿ ನಾಲ್ಕನೇ ನಿಮಿಷಕ್ಕೆ ಆಮ್ಲಜನಕ 82ಕ್ಕೆ ಇಳಿದು ನಿಲ್ಲಿಸಬೇಕಾಯ್ತು. ಎಕೋದಲ್ಲಿ ಶ್ವಾಸಕೋಶದ ರಕ್ತನಾಳದ ಒತ್ತಡ ಸ್ವಲ್ಪ ಜಾಸ್ತಿ, ಸಿಪಿಎಫ್‌ಇಯಲ್ಲಿ ಇದೂ ಮಾಮೂಲಿ. ಜೀವಕೋಶ ಚುರುಕಾಗಿರುವ ಕಡೆ ಹೊಳೆಯುವ ಪೆಟ್ ಸ್ಕ್ಯಾನಿನಲ್ಲಿ ಗಂಟು ಉರಿಯುತ್ತಿತ್ತು. ಎದೆ ಮಧ್ಯದ ಗ್ರಂಥಿಗಳೂ ಸ್ವಲ್ಪ ಹೊಳೆದವು. ಇಲ್ಲಿ ಮನೆಯವರೆಲ್ಲ ಕುಸಿದರು, ಹರಡಿಬಿಟ್ಟಿದೆ ಅಂತ. ಆದ್ರೆ ಫೈಬ್ರೋಸಿಸ್ ಇದ್ದವರಲ್ಲಿ ಗ್ರಂಥಿಗಳು ಸುಮ್ನೆಯೂ ಊದಿರುತ್ತವೆ, ಜೇನುಗೂಡಿನ ಭಾಗವೂ ಪೆಟ್‌ನಲ್ಲಿ ಹೊಳೆಯುತ್ತೆ. ಪೆಟ್ ನೋಡಿ ಹರಡಿದೆ ಅಂತ ತೀರ್ಪು ಕೊಡಬಾರದು, ಸೂಜಿ ಹಾಕಿ ನೋಡಬೇಕು. ಗಂಟಲಿನಿಂದ ಇಬಸ್, ಅಂದ್ರೆ ತುದಿಗೆ ಅಲ್ಟ್ರಾಸೌಂಡ್ ಇರುವ ಕೊಳವೆ, ಹಾಕಿ ಗ್ರಂಥಿಯ ಚೂರು ತೆಗೆದರು. ಬರೀ ಮಸಿ. ಭಟ್ಟಿಯ ಹೊಗೆ ನಲವತ್ತೈದು ವರ್ಷ ಅಲ್ಲಿ ಜಮೆಯಾಗಿತ್ತು. ಕ್ಯಾನ್ಸರ್ ಇರಲಿಲ್ಲ.

ಗಂಟಿಗೆ ಸಿಟಿ ನೋಡಿಕೊಂಡು ಬೆನ್ನಿನಿಂದ ಸೂಜಿ ಹಾಕಿದಾಗ ಅಪಾಯ ಮೊದಲೇ ಹೇಳಿದ್ದರು. ಎಂಫಿಸೀಮಾ ಇರುವ ಶ್ವಾಸಕೋಶಕ್ಕೆ ಸೂಜಿ ತಾಗಿದರೆ ಗಾಳಿ ಸೋರಿ ಎದೆಗೂಡಿಗೆ ತುಂಬಬಹುದು. ಸ್ವಲ್ಪ ಸೋರಿತು ಕೂಡ. ಟ್ಯೂಬ್ ಹಾಕೋ ಮಟ್ಟಕ್ಕೆ ಹೋಗಲಿಲ್ಲ, ಒಂದು ರಾತ್ರಿ ಆಕ್ಸಿಜನ್ ಕೊಟ್ಟು ಇಟ್ಟುಕೊಂಡರು. ಮಾವ ಬೀಡಿ ಬಿಟ್ಟದ್ದು ಆ ರಾತ್ರಿ. ಯಾರೂ ಹೇಳಲಿಲ್ಲ, ಜೇಬಿನಿಂದ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ಬಯಾಪ್ಸಿ: ಸ್ಕ್ವೇಮಸ್ ಸೆಲ್ ಕ್ಯಾನ್ಸರ್. 18 ಮಿಲಿಮೀಟರ್, ಗ್ರಂಥಿಗೆ ಹೋಗಿಲ್ಲ, ಬೇರೆಲ್ಲೂ ಇಲ್ಲ. ಸ್ಟೇಜ್ 1ಎ2.

ಈ ಸ್ಟೇಜ್ ಕೇಳಿ ಮಾವನ ಮಗನಿಗೆ ಜೀವ ಬಂತು. ಅವನು ಬೆಂಗಳೂರಿನಲ್ಲಿ ಕೆಲಸ ಮಾಡೋನು, ನೆಟ್‌ನಲ್ಲಿ ಎಲ್ಲ ಓದಿಕೊಂಡು ಬಂದಿದ್ದ. "ಮೊದಲ ಸ್ಟೇಜ್ ಕಣೋ, ಕತ್ತರಿಸಿ ತೆಗೆದ್ರೆ ಮುಗೀತು" ಅಂದ. ಬೇರೆ ಯಾರದ್ದೇ ಶ್ವಾಸಕೋಶ ಆಗಿದ್ದರೆ ಅವನ ಮಾತು ಸರಿ. ಆದ್ರೆ ಇಲ್ಲಿ ಕ್ಯಾನ್ಸರಿನ ಸ್ಟೇಜ್ ಒಂದೇ ಸಾಲದು, ಅದು ಕೂತಿರುವ ಶ್ವಾಸಕೋಶ ಏನನ್ನು ತಡೆದುಕೊಳ್ಳುತ್ತೆ ಅನ್ನೋದೇ ಉಳಿದ ಅರ್ಧ. ಸರ್ಜನ್ ಒಂದು ಚೀಟಿಯ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಎರಡೂ ಶ್ವಾಸಕೋಶ ಸೇರಿ 19 ತುಂಡು ಅಂತ ಇಟ್ಟುಕೊಳ್ಳಿ. ಬಲಗಡೆಯ ಕೆಳ ಹಾಲೆಯಲ್ಲಿ 5. ತೆಗೆದರೆ ಉಳಿಯೋದು 14. 34ನ್ನ 19ರಿಂದ ಭಾಗಿಸಿ 14ರಿಂದ ಗುಣಿಸಿದರೆ 25. ಆಪರೇಷನ್ ಆದಮೇಲೆ ಉಳಿಯುವ ಡಿಎಲ್‌ಸಿಒ 30ಕ್ಕಿಂತ ಕೆಳಗೆ ಹೋಗುತ್ತೆ ಅಂದ್ರೆ ಭಾರೀ ಅಪಾಯದ ಗುಂಪು. ಕೆಳ ಹಾಲೆ ಹೇಗಿದ್ದರೂ ಕೆಟ್ಟಿದೆ, ಹಾಗಾಗಿ ನಷ್ಟ ಇಷ್ಟಾಗಲಿಕ್ಕಿಲ್ಲ ಅಂತಲೂ ಅವರೇ ಹೇಳಿದರು. ಆದ್ರೆ ಅವರ ನಿಜವಾದ ಭಯ ಈ ಲೆಕ್ಕ ಆಗಿರಲಿಲ್ಲ.

ಭಯ ಇದ್ದದ್ದು ಅಕ್ಯೂಟ್ ಎಕ್ಸಾಸರ್ಬೇಷನ್ ಬಗ್ಗೆ. ಬೂದಿ ಮುಚ್ಚಿದ ಕೆಂಡದ ಹಾಗೆ ಇದ್ದ ಫೈಬ್ರೋಸಿಸ್ ಏಕ್‌ದಂ ಭುಗಿಲೇಳುವುದು. ಕೆಲವೇ ದಿನದಲ್ಲಿ ಎರಡೂ ಶ್ವಾಸಕೋಶ ಬೆಳ್ಳಗಾಗಿ ಉಸಿರು ನಿಲ್ಲುತ್ತೆ. ಸೋಂಕು ಕೆಣಕಬಹುದು, ಅನಸ್ತೇಷಿಯಾದಲ್ಲಿ ಒಂದೇ ಶ್ವಾಸಕೋಶಕ್ಕೆ ಒತ್ತಿ ಗಾಳಿ ಕೊಡೋದು ಕೆಣಕಬಹುದು, ಜಾಸ್ತಿ ಆಕ್ಸಿಜನ್ ಕೂಡ ಕೆಣಕಬಹುದು. ಜಪಾನಿನಲ್ಲಿ ಇದನ್ನು ಬಹಳ ಚೆನ್ನಾಗಿ ಲೆಕ್ಕ ಇಟ್ಟಿದ್ದಾರೆ. 2014ರಲ್ಲಿ ಅಲ್ಲಿನ 61 ಆಸ್ಪತ್ರೆಗಳ 1763 ರೋಗಿಗಳ ವರದಿ ಬಂತು, ಎಲ್ಲರೂ ಗಾಯದ ಶ್ವಾಸಕೋಶ ಇಟ್ಟುಕೊಂಡು ಕ್ಯಾನ್ಸರ್ ಆಪರೇಷನ್ ಮಾಡಿಸಿಕೊಂಡವರು. ಶೇ. 9.3 ಜನರಿಗೆ ಹೀಗೆ ಭುಗಿಲೆದ್ದಿತು. ಭುಗಿಲೆದ್ದವರಲ್ಲಿ ಶೇ. 43.9 ಜನ ಉಳಿಯಲಿಲ್ಲ. ಯಾರಿಗೆ ಅಪಾಯ ಜಾಸ್ತಿ ಅಂತಲೂ ಅವರು ತೆಗೆದಿದ್ದಾರೆ: ಗಂಡಸಾಗಿದ್ದರೆ, ಸಿಟಿಯಲ್ಲಿ ಜೇನುಗೂಡಿನ ಮಾದರಿ ಇದ್ದರೆ, ಹಿಂದೆ ಒಮ್ಮೆ ಭುಗಿಲೆದ್ದಿದ್ದರೆ, ಮೊದಲಿಂದ ಸ್ಟೀರಾಯ್ಡ್ ತಗೋತಿದ್ದರೆ, ಸಣ್ಣ ಚೂರಿನ ಬದಲು ದೊಡ್ಡ ಭಾಗ ತೆಗೆದರೆ. ಮಾವನಿಗೆ ಇದರಲ್ಲಿ ಎರಡು ಮೊದಲೇ ಕೂತಿದ್ದವು.

ಹಾಗಾದ್ರೆ ಹಾಲೆ ಬೇಡ, ಸಣ್ಣ ಚೂರು ತೆಗೀರಿ ಅಂತ ಮಗ. ಅದೂ ಚರ್ಚೆಯಾಯ್ತು. ಆದರೂ ಅನಸ್ತೇಷಿಯಾ ತಪ್ಪಲ್ಲ, ಜೊತೆಗೆ ಗಟ್ಟಿಯಾದ ಫೈಬ್ರೋಸಿಸ್ ಭಾಗದಲ್ಲಿ ಸ್ಟೇಪ್ಲರ್ ಹಾಕಿದರೆ ಗಾಳಿ ಸೋರೋದು ನಿಲ್ಲೋದೇ ಕಷ್ಟ. ಆಮೇಲೆ ಅವನು ವಾಟ್ಸಾಪಿನಲ್ಲಿ ಬಂದ ಟಾರ್ಗೆಟೆಡ್ ಮಾತ್ರೆಯ ಕಥೆ ತಂದ. ಆ ಮಾತ್ರೆಗಳು ಕೆಲಸ ಮಾಡೋಕೆ ಬೇಕಾದ ಜೀನ್ ಬದಲಾವಣೆ ಬೀಡಿ ಸೇದಿದವರ ಸ್ಕ್ವೇಮಸ್ ಕ್ಯಾನ್ಸರಿನಲ್ಲಿ ಸಿಗೋದೇ ಅಪರೂಪ. ಸಿಕ್ಕಿದ್ದರೂ ಕೊಡೋಕೆ ಹೆದರಬೇಕು. ಜೆಫಿಟಿನಿಬ್ ಮಾತ್ರೆಗೆ ಜಗತ್ತಿನಲ್ಲೇ ಮೊದಲು ಒಪ್ಪಿಗೆ ಕೊಟ್ಟದ್ದು ಜಪಾನು, 2002ರ ಜುಲೈನಲ್ಲಿ. ಅಕ್ಟೋಬರ್ ಹೊತ್ತಿಗೆ ಶ್ವಾಸಕೋಶ ಊದಿಕೊಂಡು ಜನ ಸತ್ತ ವರದಿಗಳು ಬಂದು ತುರ್ತು ಎಚ್ಚರಿಕೆ ಕೊಡಬೇಕಾಯ್ತು. ಮೊದಲೇ ಗಾಯವಿದ್ದ ಶ್ವಾಸಕೋಶದವರಿಗೆ ಅಪಾಯ ಹೆಚ್ಚಿತ್ತು. ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಇಮ್ಯುನೋಥೆರಪಿಯಲ್ಲೂ ಇದೇ ಹೆದರಿಕೆ. ಈ ಶ್ವಾಸಕೋಶಕ್ಕೆ ಏನು ಕೊಟ್ಟರೂ ಕೊಟ್ಟದ್ದೇ ಕೆಣಕಬಹುದು.

ಏನೂ ಮಾಡದೆ ಇರೋದು? ಅತ್ತೆ ಕೇಳಿದ ಪ್ರಶ್ನೆ ಇದು, ನನಗೆ ಅನಿಸಿದ ಹಾಗೆ ಆ ದಿನದ ಸರಿಯಾದ ಪ್ರಶ್ನೆ. "ಇವೆರಡರಲ್ಲಿ ಯಾವುದು ಮೊದಲು ಒಯ್ತತಿ?" ಡಾಕ್ಟರ್ ಮುಚ್ಚಿಡಲಿಲ್ಲ. ಫೈಬ್ರೋಸಿಸ್ ಕೆಲವು ವರ್ಷ ಕೊಡಬಹುದು, ಈ ಗಂಟು ಬೆಳೆಯುವ ವೇಗ ನೋಡಿದರೆ ಅಷ್ಟು ದಿನ ಕಾಯಲ್ಲ ಅಂದರು. ಆಗ ಉಳಿದದ್ದು ಎಸ್‌ಬಿಆರ್‌ಟಿ. ಗಂಟಿನ ಮೇಲೆ ಮಾತ್ರ ಸುತ್ತಲಿಂದ ಗುರಿಯಿಟ್ಟು, ಕೆಲವೇ ಸಲ, ಜೋರಾದ ರೇಡಿಯೇಷನ್ ಕೊಡುವುದು. ಚಾಕು ಇಲ್ಲ, ಅನಸ್ತೇಷಿಯಾ ಇಲ್ಲ. ಆದ್ರೆ ರೇಡಿಯೇಷನ್ನೂ ಕೆಣಕುತ್ತೆ. ಇಂಥ ರೋಗಿಗಳ ಮೇಲೇ ಕೆನಡಾ, ಸ್ಕಾಟ್ಲೆಂಡಿನಲ್ಲಿ ಒಂದು ಪ್ರಯೋಗ ನಡೆದಿತ್ತು. 39 ಜನರಿಗೆ ದಿನ ಬಿಟ್ಟು ದಿನ ಐದು ಸಲ, ಒಟ್ಟು 50 ಗ್ರೇ (ರೇಡಿಯೇಷನ್ನಿನ ಅಳತೆ). ಒಂದು ವರ್ಷದ ನಂತರ ಶೇ. 79 ಜನ ಬದುಕಿದ್ದರು. ಮೂವರು ಚಿಕಿತ್ಸೆಯಿಂದಲೇ ಸತ್ತರು. 39ಕ್ಕೆ 3. ರೇಡಿಯೇಷನ್ ಡಾಕ್ಟರ್ ಈ ಅಂಕಿಯನ್ನು ಮಾವನ ಮುಖ ನೋಡಿಕೊಂಡೇ ಹೇಳಿದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಟ್ಟಿಯಾಗ ಮರಳು ಸಿಡಿದು ಕಣ್ಣು ಹೋಗಾ ಲೆಕ್ಕನೂ ಹಿಂಗೇ ಇತ್ತು, ನಡೀರಿ ಮಾಡ್ರಿ" ಅಂದರು.

ಐದು ದಿನದ ಆ ಕೆಲಸಕ್ಕೆ ತಯಾರಿಯೇ ಎರಡು ವಾರ. ಕೆಳ ಹಾಲೆ ಉಸಿರಾಡಿದ ಹಾಗೆ ವಪೆಯ ಜೊತೆ ಮೇಲೆ ಕೆಳಗೆ ಓಡಾಡುತ್ತೆ, ಹಾಗಾಗಿ ಉಸಿರಿನ ಜೊತೆ ಗಂಟು ಎಲ್ಲೆಲ್ಲಿ ಹೋಗುತ್ತೆ ಅಂತ ಸ್ಕ್ಯಾನ್ ಮಾಡಿ ನಕ್ಷೆ ಹಾಕಿದರು. ಮೈಯ ಅಚ್ಚಿಗೆ ಒಂದು ಗಾಳಿ ತೆಗೆದ ದಿಂಬು, ಪ್ರತಿ ಸಲವೂ ಅದರಲ್ಲೇ ಮಲಗಬೇಕು. ಗಂಟಿನ ಆಚೆಯ ಶ್ವಾಸಕೋಶಕ್ಕೆ ತಾಗುವ ರೇಡಿಯೇಷನ್ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಕಡಿಮೆ ಮಾಡೋಕೆ ಪ್ಲಾನ್ ಮೂರು ಸಲ ಬದಲಾಯ್ತು. 2024ರ ಮೇ ತಿಂಗಳಲ್ಲಿ ಮುಗಿಯಿತು. ನೋವಿಲ್ಲ, ಏನಿಲ್ಲ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್‌ನಲ್ಲಿ ಸ್ವಲ್ಪ ಭಾಗ ಆಯ್ತು, ಸ್ಕ್ಯಾನು, ಓಡಾಟ, ಮಾತ್ರೆ ಕೈಯಿಂದಲೇ.

ಮಾತ್ರೆ ಅಂದ್ರೆ ಪಿರ್ಫೆನಿಡೋನ್. ಫೈಬ್ರೋಸಿಸ್ ವಾಸಿ ಮಾಡಲ್ಲ, ಹೆಚ್ಚಾಗೋ ವೇಗ ತಗ್ಗಿಸುತ್ತೆ. ಇದರ ಜೊತೆಗಾರ ನಿಂಟೆಡಾನಿಬ್ ಮೊದಲು ಕ್ಯಾನ್ಸರ್ ಔಷಧಿಯಾಗಿ ಹುಟ್ಟಿದ್ದು, ಆಮೇಲೆ ಫೈಬ್ರೋಸಿಸ್‌ಗೆ ಬಂದದ್ದು. ಎರಡು ಕಾಯಿಲೆಗಳ ಬೇರು ಎಷ್ಟು ಹತ್ತಿರ ಅನ್ನೋದಕ್ಕೆ ಇದೇ ಸಾಕ್ಷಿ. ಪಿರ್ಫೆನಿಡೋನ್ ತಗೊಂಡವರು ಬಿಸಿಲಿಗೆ ಹೋಗಬಾರದು. ಮಾವನಿಗೆ ಹೇಳಿಯೂ ಇದ್ದೆವು. ಒಂದು ದಿನ ಭಟ್ಟಿಯ ಅಂಗಳದಲ್ಲಿ ಅಕ್ಕಿ ಒಣಹಾಕೋದನ್ನ ನೋಡುತ್ತಾ ಎರಡು ಗಂಟೆ ಕೂತು ಬಂದರು. ಕುತ್ತಿಗೆ, ಮುಂಗೈ ಎಲ್ಲ ಕೆಂಪಗೆ ಸುಟ್ಟ ಹಾಗೆ.

ಸೆಪ್ಟೆಂಬರ್‌ನಲ್ಲಿ ಹೆದರಿದ್ದು ಆಯ್ತು. ನಾಲ್ಕು ತಿಂಗಳ ನಂತರ, ಮಳೆಗಾಲದ ಒಂದು ನೆಗಡಿ. ಮೂರನೇ ದಿನಕ್ಕೆ ಕೂತಲ್ಲೇ 80. ಸಿಟಿಯಲ್ಲಿ ಎರಡೂ ಕಡೆ ಮಂಜು ಕವಿದ ಹಾಗೆ. ರೇಡಿಯೇಷನ್ ತಾಗಿದ ಜಾಗದಲ್ಲಿ ಮಾತ್ರ ಇದ್ದಿದ್ದರೆ ರೇಡಿಯೇಷನ್ ಉರಿಯೂತ ಅನ್ನಬಹುದಿತ್ತು, ಎಡಗಡೆಯೂ ಇತ್ತು. ಭುಗಿಲೆದ್ದದ್ದೇ. ಕೆಣಕಿದ್ದು ನೆಗಡಿಯೋ, ರೇಡಿಯೇಷನ್ನೋ, ಎರಡೂ ಸೇರಿಯೋ ಅಂತ ಯಾರೂ ಬರೆದುಕೊಡಲಿಲ್ಲ. 11 ದಿನ ಐಸಿಯು. ಮೂಗಿಗೆ ಹೈ ಫ್ಲೋ ಆಕ್ಸಿಜನ್, ಸ್ಟೀರಾಯ್ಡ್, ಆಂಟಿಬಯೋಟಿಕ್. ವೆಂಟಿಲೇಟರ್‌ಗೆ ಹಾಕಿದರೆ ವಾಪಸ್ ಬರೋದು ಕಷ್ಟ ಅಂತ ಡಾಕ್ಟರ್ ಮೊದಲ ರಾತ್ರಿಯೇ ಹೇಳಿದ್ದರು, ಬೇಡ ಅಂತ ನಾವು ಸಹಿ ಮಾಡಿದ್ದೆವು. ಸಹಿ ಮಾಡಿದ್ದು ಮಗ, ಪೆನ್ನು ನನ್ನದು. ಹನ್ನೆರಡನೇ ದಿನ ಮಾವ ವಾರ್ಡಿಗೆ ಬಂದರು.

ಆಪರೇಷನ್ ಮಾಡಿಸಿದ್ದರೆ ಹೇಗಿರುತ್ತಿತ್ತು ಅಂತ ಮಗ ಈಗಲೂ ಕೇಳುತ್ತಾನೆ. ನಾನು ನಂಬಿರೋದು, ಹೀಗೆ ಒಂದು ನೆಗಡಿಗೆ ಭುಗಿಲೇಳುವ ಶ್ವಾಸಕೋಶ ಆಪರೇಷನ್ ಟೇಬಲ್ಲನ್ನು ದಾಟುತ್ತಿರಲಿಲ್ಲ. ಅವನು ಒಪ್ಪಲ್ಲ. ಗಂಟಿನ ವಿಷಯಕ್ಕೆ ಬಂದರೆ, 2025ರ ಆಗಸ್ಟ್‌ನ ಸಿಟಿಯಲ್ಲಿ ಅದು ಒಂದು ಸೊಟ್ಟ ಗೆರೆಯಾಗಿ ಉಳಿದಿದೆ, ಬೆಳೆದಿಲ್ಲ. ಜೇನುಗೂಡು ಮಾತ್ರ ಎರಡು ಬೆರಳಿನಷ್ಟು ಮೇಲೆ ಹತ್ತಿದೆ. ಮನೆಯಲ್ಲಿ ಕಾನ್ಸನ್‌ಟ್ರೇಟರ್ ಗುಂಯ್ ಅನ್ನುತ್ತಿರುತ್ತೆ, ಕರೆಂಟ್ ಹೋದರೆ ಮೂಲೆಯಲ್ಲಿ ಸಿಲಿಂಡರ್. ಕೂತಾಗ ಒಂದು ಲೀಟರ್, ನಡೆದರೆ ಮೂರು. ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಎರಡೂ ಆಗಿದೆ. ಮನೆಗೆ ಯಾರಾದರೂ ನೆಗಡಿ ಇಟ್ಟುಕೊಂಡು ಬಂದರೆ ಅತ್ತೆ ಹೊಸ್ತಿಲಲ್ಲೇ ಕಾಫಿ ಕೊಟ್ಟು ಕಳಿಸುತ್ತಾರೆ.

ಆ ಸಿಟಿ ಆದ ವಾರವೇ ನಮ್ಮ ಲ್ಯಾಬಿಗೂ ಡಿಎಲ್‌ಸಿಒ ಯಂತ್ರ ಬಂತು. ಮಾವನನ್ನು ಕರೆಸಿದೆ. ಟೆಸ್ಟಿಗೆ ಮೊದಲು ಆಕ್ಸಿಜನ್ ತೆಗೆದು ಹತ್ತು ನಿಮಿಷ ಕೂರಿಸಬೇಕು, ನಾನು ಆಕ್ಸಿಮೀಟರ್ ಮೇಲಿಂದ ಕಣ್ಣು ತೆಗೀಲಿಲ್ಲ. ಕ್ಲಿಪ್ ಹಾಕಿದೆ, ಕೊಳವೆ ಕೊಟ್ಟೆ. ಪೂರ್ತಿ ಬಿಡ್ರಿ, ಈಗ ಎಳೀರಿ ಎಳೀರಿ, ಹಿಡ್ಕೊಳ್ರಿ. ಮೂರು, ನಾಲ್ಕು, ಐದು, ಆರು. ಕೆಮ್ಮು ಬಂತು. ಸುಧಾರಿಸಿಕೊಂಡು ಇನ್ನೊಂದು ಸಲ. ಆರು. ಮೂರನೇ ಸಲ ಐದಕ್ಕೇ ನಿಂತಿತು. ಹತ್ತು ಸೆಕೆಂಡಿನ ಹತ್ತಿರಕ್ಕಾದರೂ ಹಿಡಿಯದಿದ್ದರೆ ನಮ್ಮ ಯಂತ್ರ ಲೆಕ್ಕ ಕೊಡಲ್ಲ, ಸ್ಕ್ರೀನಿನಲ್ಲಿ ನಂಬರ್ ಬರುವ ಜಾಗದಲ್ಲಿ ಒಂದು ಗೀಟು ಬಂತು.

"ಎಷ್ಟು ಬಂತಲೇ ಅಳಿಯಾ?"

"ಏನೂ ಬರ್ಲಿಲ್ಲ ಮಾವ."

"ಹೋದ್ಸಲ ನಾರ್ಮಲ್ ಅಂದಿದ್ದಿ. ಅದಕ್ಕಿಂತ ಇದು ವಾಸಿ" ಅಂತ ಕೊಳವೆ ವಾಪಸ್ ಕೊಟ್ಟು, ಆಕ್ಸಿಜನ್ ನಳಿಗೆಯನ್ನು ತಾವೇ ಮೂಗಿಗೆ ಸಿಕ್ಕಿಸಿಕೊಂಡರು.